ಒಂದು ಇಪ್ಪತ್ತರ ಜಗಳ: ಪೀಣ್ಯದ ಮಷೀನ್ ಶಾಪೊಂದರ ಪ್ರಕರಣ

ಪೀಣ್ಯದ ಒಂದು ಜಾಬ್ ವರ್ಕ್ ಘಟಕ, ಅಂದರೆ ಬೇರೆ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಜಾಗ. ಆರು ಸಿಎನ್‌ಸಿ ಲೇತು, ಎರಡು ವಿಎಂಸಿ (ಎರಡೂ ಕಂಪ್ಯೂಟರ್ ನಡೆಸುವ, ಲೋಹ ಕತ್ತರಿಸುವ ಮಷೀನು), ಮೇಲೆ ತಗಡಿನ ಮಾಡು, ಒಳಗೆ ಒಟ್ಟು 38 ಜನ. ಹೈಡ್ರಾಲಿಕ್ ವಾಲ್ವಿನ ಬುಷ್, ಅಂದರೆ ನಡುವೆ ತೂತಿರುವ ಕೊಳವೆಯಂಥ ಬಿಡಿಭಾಗ, ಇಲ್ಲಿನ ಮುಖ್ಯ ಕೆಲಸ. ಬೆಳಗಿನ ಶಿಫ್ಟು 6ರಿಂದ 2. ಮಾಲು ತುಂಬಿದ ಟೆಂಪೋ ಎರಡೂವರೆಗೆ ಬೊಮ್ಮಸಂದ್ರಕ್ಕೆ ಹೊರಡಬೇಕು. ಮೂರು ದಾಟಿದರೆ ನೈಸ್ ರಸ್ತೆ ಹಿಡಿದರೂ ಗಿರಾಕಿಯ ಸ್ಟೋರ್ಸ್ ಬಾಗಿಲು ಹಾಕುವುದರೊಳಗೆ ಮುಟ್ಟುವುದು ಕಷ್ಟ. ಈ ಘಟಕದಲ್ಲಿ ಮಧ್ಯಾಹ್ನ ಒಂದು ಇಪ್ಪತ್ತರ ಸುಮಾರಿಗೆ ದಿನ ಬಿಟ್ಟು ದಿನ ಜಗಳ. ಜಗಳ ಅಂದರೂ ಸರಿಯಾಗಲಾರದು. ಒಬ್ಬರು ಕೂಗುತ್ತಾರೆ, ಇನ್ನೊಬ್ಬರು ನಿಂತು ಕೇಳುತ್ತಾರೆ.

ಕೂಗುವವರು ಪ್ರೊಡಕ್ಷನ್ ಸೂಪರ್‌ವೈಸರ್. ಐಟಿಐ ಮುಗಿಸಿ ಹೆಲ್ಪರ್ ಆಗಿ ಬಂದು, ಆಪರೇಟರ್, ಸೆಟ್ಟರ್ ಆಗಿ, 22 ವರ್ಷದಲ್ಲಿ ಈ ಜಾಗಕ್ಕೆ ಏರಿದವರು. ಮಷೀನಿನ ಸದ್ದು ಬದಲಾದದ್ದು ಕೇಳಿಯೇ ಇನ್‌ಸರ್ಟ್ (ಲೋಹ ಕತ್ತರಿಸುವ ತುಣುಕು) ಸವೆದಿದೆ ಅನ್ನಬಲ್ಲರು, ಅದು ಸುಳ್ಳಾಗುವುದು ಅಪರೂಪ. ನಿಂತು ಕೇಳುವವರು ತುಮಕೂರು ಕಡೆಯಿಂದ ಬಂದ ಕ್ವಾಲಿಟಿ ಇನ್‌ಸ್ಪೆಕ್ಟರ್. ಡಿಪ್ಲೊಮಾ ಓದಿದ ಹುಡುಗಿ, ಸೇರಿ ಏಳು ತಿಂಗಳು. ಇವರಿಗೆ ಮುಂಚೆ ಅದೇ ಕುರ್ಚಿಯಲ್ಲಿದ್ದ ಇಬ್ಬರು ಹುಡುಗರು ವರ್ಷ ತುಂಬುವ ಮೊದಲೇ ಬಿಟ್ಟು ಹೋಗಿದ್ದರು.

ಇದು ಯಾವುದೋ ಒಂದು ಕಾರ್ಖಾನೆಯ ವರದಿಯಲ್ಲ. ಇಂಥ ಸಣ್ಣ ಘಟಕಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಒಂದೇ ಮಾಡಿನ ಕೆಳಗೆ ಕೂಡಿಸಿ ಕಟ್ಟಿದ ಪ್ರಕರಣ. ಅಳತೆಗಳು ಮತ್ತು ಕಾನೂನಿನ ವಿವರಗಳು ಮಾತ್ರ ಇದ್ದದ್ದು ಇದ್ದ ಹಾಗೆ.

ಮೊದಲು ಮಾಡಿದ ಎರಡು ಮದ್ದು

ಇನ್‌ಸ್ಪೆಕ್ಟರ್ ಪ್ಲಾಂಟ್ ಮ್ಯಾನೇಜರ್ ಹತ್ತಿರ ಹೋಗಿ ಹೇಳಿದ್ದು ಇಷ್ಟು: "ಸರ್, ಅವರ ಜೊತೆ ಕೆಲಸ ಮಾಡಕ್ಕಾಗಲ್ಲ. ಎಲ್ಲರ ಮುಂದೆ ಬಾಯಿಗೆ ಬಂದಂಗೆ ಬಯ್ತಾರೆ." ಮ್ಯಾನೇಜರ್ ಓನರಿಗೆ ತಿಳಿಸಿದರು. ಓನರ್ ಇಬ್ಬರನ್ನೂ ಕ್ಯಾಬಿನ್ನಿಗೆ ಕರೆಸಿ, ಕಾಫಿ ತರಿಸಿ, "ಇಬ್ರೂ ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು ಹೋಗಿ, ನಿಮ್ಮ ಮಗಳ ಥರ ನೋಡ್ಕೊಳ್ಳಿ ಅವಳನ್ನ" ಅಂದರು. ಸೂಪರ್‌ವೈಸರ್ ತಲೆಯಾಡಿಸಿದರು. ಮೂರನೇ ದಿನ ಮತ್ತೆ ಅದೇ ಹೊತ್ತಿಗೆ ಅದೇ ಕೂಗು.

ನಮ್ಮ ಸಣ್ಣ ಕಾರ್ಖಾನೆಗಳಲ್ಲಿ ಈ ಕಾಫಿ ಪಂಚಾಯ್ತಿ ಆಳವಾಗಿ ಬೇರುಬಿಟ್ಟಿದೆ. ಇದು ಕೆಡುವುದಕ್ಕೆ ಕಾರಣ ಎರಡು. ಏನು ನಿಲ್ಲಬೇಕು ಅನ್ನುವುದನ್ನು ಅಲ್ಲಿ ಯಾರೂ ಹೇಳುವುದಿಲ್ಲ, ಆದ್ದರಿಂದ ಏನೂ ನಿಲ್ಲುವುದಿಲ್ಲ. ಎರಡನೆಯದು ಆ ಮಗಳ ಮಾತು. ಕೇಳಲು ಹಿತ, ಕೆಲಸಕ್ಕೆ ವಿಷ. ಲಾಟ್ (ಒಟ್ಟಿಗೆ ಕಳಿಸುವ ಪೀಸುಗಳ ಗುಂಪು) ನಿಲ್ಲಿಸುವ ಅಧಿಕಾರ ಇನ್‌ಸ್ಪೆಕ್ಟರ್ ಕುರ್ಚಿಯದು. ಮಗಳು ಅಂದ ಕೂಡಲೇ ಅವರು ಗದರಿಸಬಹುದಾದ ಮನೆಯ ಹುಡುಗಿಯಾಗುತ್ತಾರೆ, ಪೀಸಿಗೆ ರಿಜೆಕ್ಟ್ ಟ್ಯಾಗ್ ಹಾಕಿದ್ದು ಹಟವಾಗುತ್ತದೆ.

ಎರಡನೇ ಮದ್ದು ಇನ್‌ಸ್ಪೆಕ್ಟರ್ ತಾವೇ ಹುಡುಕಿಕೊಂಡದ್ದು. ಬಾಯಲ್ಲಿ ಹೇಳಿದರೆ ತಾನೇ ಬೈಗುಳ ಎಂದು ರಿಜೆಕ್ಟ್ ಆದ ಪೀಸಿನ ಫೋಟೋವನ್ನು ಅಳತೆಯ ಸಮೇತ ವಾಟ್ಸಾಪ್ ಗ್ರೂಪಿಗೆ ಹಾಕತೊಡಗಿದರು. ಆ ಗ್ರೂಪಿನಲ್ಲಿ ಓನರ್, ಅಕೌಂಟ್ಸ್‌ನವರು, ಎರಡನೇ ಶಿಫ್ಟಿನ ಸೂಪರ್‌ವೈಸರ್ ಎಲ್ಲರೂ ಇದ್ದಾರೆ. ತನ್ನ ಲೈನಿನಲ್ಲಿ ಕೆಟ್ಟ ಪೀಸು ಬಂದದ್ದು ಸೂಪರ್‌ವೈಸರಿಗೆ ತಿಳಿಯುವುದು ಓನರ್ ಫೋನು ಬಂದಾಗ. ಕೂಗು ಹೆಚ್ಚಾಯಿತು. ಇದನ್ನು ಇನ್‌ಸ್ಪೆಕ್ಟರ್ ತಪ್ಪು ಅನ್ನುವುದು ಸುಲಭ, ಆದರೆ ಬಯ್ಯಿಸಿಕೊಂಡವರು ಗೋಡೆ ಹುಡುಕುವುದು ಸಹಜ. ಗ್ರೂಪು ಗೋಡೆಯಂತೆ ಕಾಣುತ್ತದೆ, ಮೈಕಿನಂತೆ ಕೆಲಸ ಮಾಡುತ್ತದೆ.

ಹಾಳೆ

"ಅವರು ಒರಟು ಮನುಷ್ಯ" ಎಂಬ ದೂರಿನಿಂದ ಮ್ಯಾನೇಜರ್ ಮಾಡಬಹುದಾದದ್ದು ಏನೂ ಇಲ್ಲ. ಸ್ವಭಾವಕ್ಕೆ ಮೆಮೊ ಕೊಡಲಾಗದು. ಆದ್ದರಿಂದ ಇನ್‌ಸ್ಪೆಕ್ಟರ್ ಕೈಯಿಂದ ಮೂರು ವಾರ ಒಂದು ಹಾಳೆ ಬರೆಸಲಾಯಿತು. ಐದು ಕಾಲಂ: ಎಷ್ಟು ಹೊತ್ತಿಗೆ, ಎಲ್ಲಿ ಮತ್ತು ಯಾರ ಮುಂದೆ, ಅದಕ್ಕೆ ಮುಂಚೆ ಇನ್‌ಸ್ಪೆಕ್ಟರ್ ಹೇಳಿದ ಮಾತು, ಸೂಪರ್‌ವೈಸರ್ ಆಡಿದ ಮಾತು ಆಡಿದ ಹಾಗೇ, ಆಮೇಲೆ ಆ ಪೀಸು ಏನಾಯಿತು.

ಮೂರನೇ ಮತ್ತು ನಾಲ್ಕನೇ ಕಾಲಂ ತುಂಬುವುದೇ ಕಷ್ಟ. ಜನ "ಕೆಟ್ಟದಾಗಿ ಬೈದರು" ಎಂದು ಬರೆದು ಮುಗಿಸುತ್ತಾರೆ. ಮೊದಲ ವಾರದ ಹಾಳೆ ಹಾಗೇ ಬಂತು, ಪ್ರಯೋಜನಕ್ಕೆ ಬರಲಿಲ್ಲ. ಮಾತು ನಡೆದ ಹತ್ತು ನಿಮಿಷದೊಳಗೆ ಬರೆದರೆ ಮಾತ್ರ ಆಡಿದ್ದು ಆಡಿದ ಹಾಗೆ ಬರುತ್ತದೆ. ಸಂಜೆ ಮೆಟ್ರೋದಲ್ಲಿ ಕೂತು ಬರೆದರೆ ನೋವು ಬರುತ್ತದೆ, ಮಾತು ಬರುವುದಿಲ್ಲ. ಇನ್ನೊಂದು ಎಚ್ಚರಿಕೆ: ಹಾಳೆಯಲ್ಲಿ ಕೂಗು ಇಲ್ಲದ ಸಂದರ್ಭಗಳೂ ಇರಬೇಕು. ಅವನ್ನು ಬರೆಯದಿದ್ದರೆ ಹಾಳೆ ಬರೀ ಆರೋಪಪಟ್ಟಿ.

ಹಾಳೆ ಓದಿದಾಗ ಕಂಡದ್ದು ಹೀಗೆ. ಬೆಳಿಗ್ಗೆ 6.20ಕ್ಕೆ ಫಸ್ಟ್ ಪೀಸ್ ಅಪ್ರೂವಲ್ (ಶಿಫ್ಟಿನ ಮೊದಲ ಪೀಸಿಗೆ ಒಪ್ಪಿಗೆ) ಹೊತ್ತಿನಲ್ಲಿ ಸೂಪರ್‌ವೈಸರ್ ಒಮ್ಮೆಯೂ ಕೂಗಿಲ್ಲ. ಒಂದು ದಿನ ಮೂರು ಸಲ ಪೀಸು ವಾಪಸ್ ಕಳಿಸಿದಾಗಲೂ "ಇನ್ನೊಂದು ತೆಗಿ" ಎಂದು ಆಪರೇಟರಿಗೆ ಹೇಳಿ ಸುಮ್ಮನಾಗಿದ್ದಾರೆ. ಕೂಗಿದ್ದೆಲ್ಲ ಒಂದರಿಂದ ಎರಡರ ನಡುವೆ, ಡಿಸ್ಪ್ಯಾಚ್ ಟೇಬಲ್ ಬಳಿ, ಪ್ಯಾಕಿಂಗ್ ಹುಡುಗರ ಮುಂದೆ, ರಿಜೆಕ್ಷನ್ ಟ್ಯಾಗ್ ಆಗಲೇ ಕಟ್ಟಿದ ಮೇಲೆ. ಮೂರನೇ ಕಾಲಮ್ಮಿನಲ್ಲಿ ಹೆಚ್ಚುಕಡಿಮೆ ಒಂದೇ ವಾಕ್ಯ: "ಸರ್, ಈ ಲಾಟ್ ರಿಜೆಕ್ಟ್."

ಬಯ್ಯುವ ಮನುಷ್ಯ ಆರು ಗಂಟೆಗೂ ಬಯ್ಯಬೇಕಿತ್ತು. ಬಯ್ಯುತ್ತಿಲ್ಲ ಅಂದಮೇಲೆ ಮೊದಲು ವಿಚಾರಿಸಬೇಕಾದದ್ದು ಒಂದು ಇಪ್ಪತ್ತರ ಸುದ್ದಿಯನ್ನು.

ಇನ್‌ಸ್ಪೆಕ್ಟರ್ ಗಂಟೆಗೊಮ್ಮೆ ಪ್ರತಿ ಮಷೀನಿನಿಂದ ಐದು ಪೀಸು ಎತ್ತಿಕೊಂಡು ಕ್ಯೂಸಿ (ಗುಣಮಟ್ಟ ತಪಾಸಣೆಯ) ರೂಮಿಗೆ ಒಯ್ಯುತ್ತಿದ್ದರು. ಅಳೆದು, ರಿಜಿಸ್ಟರಿನಲ್ಲಿ ಬರೆದು, ಎಲ್ಲ ಮಷೀನಿನದೂ ಒಟ್ಟಾದ ಮೇಲೆ, ಮಧ್ಯಾಹ್ನ ಒಂದು ಗಂಟೆ ದಾಟಿದಾಗ ಟ್ಯಾಗ್ ಹಿಡಿದು ಬರುತ್ತಿದ್ದರು. ಹಿಂದಿನವರು ಕಲಿಸಿಕೊಟ್ಟ ಪದ್ಧತಿ ಅದು. ಬುಷ್‌ಗೆ ಸೈಕಲ್ ಟೈಮ್, ಪೀಸು ಹಾಕಿ ತೆಗೆಯುವುದೂ ಸೇರಿ, 3 ನಿಮಿಷ. ಗಂಟೆಗೆ 20 ಪೀಸು. ಹತ್ತೂವರೆಗೆ ಎತ್ತಿದ ಪೀಸು ಕೆಟ್ಟಿದೆ ಎಂದು ಒಂದು ಇಪ್ಪತ್ತಕ್ಕೆ ಹೇಳಿದರೆ, ಅಷ್ಟರಲ್ಲಿ ಐವತ್ತಕ್ಕೂ ಹೆಚ್ಚು ಪೀಸು ಅದೇ ಆಫ್‌ಸೆಟ್‌ನಲ್ಲಿ (ಮಷೀನಿಗೆ ಕೊಟ್ಟ ಅಳತೆಯ ತಿದ್ದುಪಡಿ) ಓಡಿ ತೊಟ್ಟಿ ಸೇರಿವೆ. ಹನ್ನೊಂದು ಗಂಟೆಗೆ ಸರಿಪಡಿಸಬಹುದಾದ ಸುದ್ದಿ ಅದು. ಒಂದೂ ಇಪ್ಪತ್ತಕ್ಕೆ ಅದು ತೀರ್ಪು.

ಜೊತೆಗೆ ಗೋಡೆಯ ಮೇಲಿನ ಬೋರ್ಡು. ಅದರಲ್ಲಿ ಶಿಫ್ಟಿನ ಒಟ್ಟು ಪೀಸಿನ ಲೆಕ್ಕ, ಪಕ್ಕದಲ್ಲಿ ಸೂಪರ್‌ವೈಸರ್ ಹೆಸರು. ಓನರ್ ಒಂದೂವರೆಗೆ ಫೋನ್ ಮಾಡಿ ಕೇಳುವುದೂ ಅದೇ ಲೆಕ್ಕ.

ಬಿಸಿ ಪೀಸು, ತಣ್ಣನೆ ಪೀಸು

ಹಾಳೆಯಲ್ಲಿ ನಾಲ್ಕು ಕಡೆ ಸೂಪರ್‌ವೈಸರ್ ಒಂದೇ ಮಾತು ಆಡಿದ್ದರು: "ನಾನು ಮಷೀನ್ ಹತ್ರ ನೋಡಿದೀನಿ, ಸರಿಯಾಗೇ ಇದೆ. ನಿನ್ನ ಗೇಜೇ ಸುಳ್ಳು." ಇನ್‌ಸ್ಪೆಕ್ಟರ್ ಇದನ್ನು ಅವಮಾನ ಎಂದು ಬರೆದಿದ್ದರು. ಮ್ಯಾನೇಜರ್ ಅದನ್ನು ತಾಂತ್ರಿಕ ಆಕ್ಷೇಪಣೆ ಎಂದು ಓದಿದರು. ಈ ಪ್ರಕರಣದಲ್ಲಿ ಅವರು ಮಾಡಿದ ಅತಿ ಉಪಯುಕ್ತ ಕೆಲಸ ಅದೇ.

ಬೋರು ಅಂದರೆ ಬುಷ್ ಒಳಗಿನ ತೂತು. ಅದರ ಅಳತೆ 20 ಎಚ್7. ಅಂದರೆ 20.000ದಿಂದ 20.021 ಮಿಲಿಮೀಟರ್‌ವರೆಗೆ, ಒಟ್ಟು 21 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಅವಕಾಶ. ಬೋರಿಂಗ್ ಇನ್‌ಸರ್ಟ್ ಸವೆದಂತೆ ಬೋರು ಚಿಕ್ಕದಾಗುತ್ತಾ ಹೋಗುತ್ತದೆ, ಕೆಳಗಿನ ಮಿತಿಗೆ ಸರಿಯುತ್ತದೆ. ಸೂಪರ್‌ವೈಸರ್ ಅಳೆಯುವುದು ಮಷೀನಿನಿಂದ ಆಗ ತಾನೇ ಇಳಿದ ಪೀಸನ್ನು. ತೂತು ಅಳೆಯುವ ಬೋರ್ ಡಯಲ್ ಗೇಜನ್ನು ಸೊನ್ನೆಗೆ ಹಿಡಿಯುವ ಸೆಟ್ಟಿಂಗ್ ರಿಂಗ್ (ನಿಖರ ಅಳತೆಯ ಉಂಗುರ) ಮಾತ್ರ ಎಸಿ ಇರುವ ಕ್ಯೂಸಿ ರೂಮಿನದು. ಉಕ್ಕು ಒಂದು ಮೀಟರಿಗೆ, ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ. 20 ಮಿಲಿಮೀಟರ್ ಬೋರು, ರಿಂಗಿಗಿಂತ 15 ಡಿಗ್ರಿ ಬಿಸಿ ಇದ್ದರೆ ಸುಮಾರು ಮೂರೂವರೆ ಮೈಕ್ರಾನ್ ದೊಡ್ಡದಾಗಿ ಕಾಣುತ್ತದೆ. ಮಷೀನಿನ ಬಳಿ 20.002 ಕಂಡದ್ದು, ತಣ್ಣಗಾದ ಮೇಲೆ 19.998 ಅಥವಾ 19.999. ಒಬ್ಬರಿಗೆ ಪಾಸು, ಇನ್ನೊಬ್ಬರಿಗೆ ಫೇಲು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅಳತೆಯ ಒಪ್ಪಿತ ತಾಪಮಾನ 20 ಡಿಗ್ರಿ, ಆದ್ದರಿಂದ ಗಿರಾಕಿಯ ಬಳಿ ನಿಲ್ಲುವುದು ತಣ್ಣನೆ ಅಳತೆ. ಆದರೆ ಅದನ್ನು ಆ ಏಳು ತಿಂಗಳಲ್ಲಿ ಯಾರೂ ಸೂಪರ್‌ವೈಸರಿಗೆ ಪೀಸು ಕೈಯಲ್ಲಿಟ್ಟು ತೋರಿಸಿರಲಿಲ್ಲ.

ತೋರಿಸಿದ್ದು ಹೀಗೆ. ಶನಿವಾರ ಬೆಳಿಗ್ಗೆ, ಟೆಂಪೋ ಇಲ್ಲದ ದಿನ, ಒಂದೇ ಪೀಸನ್ನು ಮಷೀನಿನಿಂದ ಇಳಿಸಿದ ಕೂಡಲೇ ಸೂಪರ್‌ವೈಸರ್ ಕೈಯಿಂದಲೇ ಅಳೆಯಿಸಿ, ಪೀಸಿನ ಮೇಲೆ ಮಾರ್ಕರಿನಲ್ಲಿ ಬರೆದು, ರಿಂಗಿನ ಪಕ್ಕ ಸರ್ಫೇಸ್ ಪ್ಲೇಟ್ ಮೇಲೆ ಒಂದು ಗಂಟೆ ಇಟ್ಟು, ಮತ್ತೆ ಅವರ ಕೈಯಿಂದಲೇ ಅಳೆಯಿಸಿದರು. ವಿವರಣೆ ಕೊಡುವ ಅಗತ್ಯವೇ ಬೀಳಲಿಲ್ಲ. ಅವರೇ ಹೇಳಿದರು: "ಹಂಗಾದ್ರೆ ಮಷೀನ್ ಹತ್ರ ಐದರ ಕೆಳಗೆ ಬಂದ್ರೆ ಆಫ್‌ಸೆಟ್ ಕೊಡಬೇಕು." ಮಷೀನಿನ ಬಳಿ 20.005ಕ್ಕೆ ಇಳಿದರೆ ತಿದ್ದು ಎಂಬ ನಿಯಮ ಅಂದಿನಿಂದ ಬಂತು, ಮತ್ತು ಅದು ಅವರ ನಿಯಮ. ಒಂದು ಸೆಟ್ಟಿಂಗ್ ರಿಂಗ್ ಇನ್ನು ಮುಂದೆ ಲೇತಿನ ಸಾಲಿನಲ್ಲೇ ಇರಬೇಕೆಂದೂ ಆಯಿತು, ರಿಂಗು ಮತ್ತು ಪೀಸಿನ ಬಿಸಿ ಹತ್ತಿರ ಹತ್ತಿರ ಇರಲೆಂದು.

ಇಲ್ಲಿ ತಪ್ಪಿ ಬೀಳುವ ಜಾಗ ಒಂದಿದೆ. ಈ ಪ್ರದರ್ಶನವನ್ನು ಎಲ್ಲ ಆಪರೇಟರುಗಳನ್ನು ಸೇರಿಸಿ ಟ್ರೈನಿಂಗ್ ಎಂದು ಮಾಡಿದ್ದರೆ 22 ವರ್ಷದ ಅನುಭವಸ್ಥರನ್ನು ಸುಳ್ಳಾಗಿಸಿದಂತೆ ಆಗುತ್ತಿತ್ತು. ಅಲ್ಲಿದ್ದವರು ಮೂರೇ ಜನ.

ಮಾತಿನ ಕ್ರಮ

ಇನ್‌ಸ್ಪೆಕ್ಟರ್ ಬದಲಿಸಿದ್ದು ಮೊದಲು ಜಾಗ ಮತ್ತು ಹೊತ್ತು. ಐದು ಪೀಸೂ ಅಳೆದು ಮುಗಿಯುವವರೆಗೆ ಕಾಯದೆ, ಬೋರಿನ ಅಳತೆ ಮಾತ್ರ ಮಷೀನಿನ ಪಕ್ಕದಲ್ಲೇ ನೋಡಿ, ಕೆಳಕ್ಕೆ ಜಾರುತ್ತಿದ್ದರೆ ಅಲ್ಲೇ ಹೇಳುವುದು. ಉಳಿದ ಅಳತೆ ಕ್ಯೂಸಿ ರೂಮಿನಲ್ಲಿ. ಹೇಳುವ ಮಾತಿಗೆ ಒಂದು ಕ್ರಮ ಹಾಕಿಕೊಂಡರು:

"ಸರ್, ನಾಕನೇ ಮಷೀನು, ಬುಷ್ ಬೋರು. ಇಲ್ಲೇ ಅಳೆದಿದ್ದು 20.004, ಇಳೀತಾ ಇದೆ. ಹತ್ತೂವರೆ ಪೀಸು ಸರಿ ಇತ್ತು, ಆಮೇಲೆ ಹದಿನೆಂಟು ಪೀಸಾಗಿದೆ. ಆಫ್‌ಸೆಟ್ ನೋಡ್ತೀರಾ?"

ಎಲ್ಲಿ, ಎಷ್ಟು, ಯಾವ ಕಡೆಗೆ, ಎಷ್ಟು ಪೀಸು ಅಪಾಯದಲ್ಲಿ, ಕೊನೆಗೆ ಒಂದು ಪ್ರಶ್ನೆ. ಹೇಳಿ ಮುಗಿಸಲು ಹದಿನೈದು ಸೆಕೆಂಡು ಸಾಕು. "ಲಾಟ್ ರಿಜೆಕ್ಟ್" ಎಂದು ಶುರು ಮಾಡಿದಾಗ ಎದುರಿನವರಿಗೆ ಉಳಿಯುವುದು ಎರಡೇ ದಾರಿ, ಒಪ್ಪುವುದು ಅಥವಾ ಕೂಗುವುದು. ಅಳತೆಯಿಂದ ಶುರು ಮಾಡಿದರೆ ಅವರಿಗೆ ಮಾಡಲು ಕೆಲಸವೊಂದು ಸಿಗುತ್ತದೆ: ಇನ್‌ಸರ್ಟ್ ತಿರುಗಿಸುವುದೋ, ಆಫ್‌ಸೆಟ್ ಕೊಡುವುದೋ, ಇನ್ನೆರಡು ಪೀಸು ನೋಡುವುದೋ. ಆ ತೀರ್ಮಾನ ನ್ಯಾಯವಾಗಿಯೂ ಅವರದೇ. ಅಪಾಯದಲ್ಲಿರುವ ಪೀಸಿನ ಲೆಕ್ಕ ಹೇಳುವುದನ್ನು ಬಹಳ ಜನ ಬಿಡುತ್ತಾರೆ, ಆದರೆ ಸೂಪರ್‌ವೈಸರ್ ತಲೆಯಲ್ಲಿ ಓಡುವುದು ಅದೊಂದೇ ಲೆಕ್ಕ. "ಕೆಟ್ಟಿದೆ" ಅಂದಾಗ ಅವರು ಇಡೀ ತೊಟ್ಟಿಯನ್ನು ಊಹಿಸಿಕೊಳ್ಳುತ್ತಾರೆ. ಹದಿನೆಂಟು ಅಂದರೆ ಹದಿನೆಂಟು.

ಬೋರು ಚಿಕ್ಕದೋ ದೊಡ್ಡದೋ ಎಂಬುದನ್ನು ಮೊದಲೇ ಹೇಳಬೇಕಾದ ಕಾರಣ ಬೇರೆ. ದೊಡ್ಡದಾದರೆ ಸ್ಕ್ರ್ಯಾಪ್, ಲೋಹ ವಾಪಸ್ ಬರುವುದಿಲ್ಲ. ಚಿಕ್ಕದಾದರೆ ರೀವರ್ಕ್ ಸಾಧ್ಯ. ಆದರೆ ನಾಲ್ಕೈದು ಮೈಕ್ರಾನ್ ಮಾತ್ರ ತೆಗೆಯಬೇಕಾದಾಗ ಬೋರಿಂಗ್ ಟೂಲು ಕತ್ತರಿಸುವುದಿಲ್ಲ, ಬರೀ ಉಜ್ಜುತ್ತದೆ. ಹೋನಿಂಗ್‌ಗೆ (ಕಲ್ಲಿನಿಂದ ಒಳಗೆ ನಯವಾಗಿ ಉಜ್ಜಿ ಅಳತೆಗೆ ತರುವ ಕೆಲಸ) ಹೊರಗೆ ಕಳಿಸಬೇಕು, ಅಂದಿನ ಟೆಂಪೋ ತಪ್ಪುತ್ತದೆ. "ರೀವರ್ಕ್ ಆಗುತ್ತಲ್ಲ ಸರ್" ಎಂದು ಸಮಾಧಾನ ಹೇಳಲು ಹೋಗಿ ಇನ್‌ಸ್ಪೆಕ್ಟರ್ ಒಮ್ಮೆ ಬಯ್ಯಿಸಿಕೊಂಡದ್ದು ಹಾಳೆಯಲ್ಲಿದೆ. ಆ ದಿನ ಸೂಪರ್‌ವೈಸರ್ ಕೋಪಕ್ಕೆ ಕಾರಣವಿತ್ತು. ಹೋನಿಂಗ್ ಸರದಿ ಎಷ್ಟಿದೆ ಎಂದು ತಿಳಿಯದವರು ಸಮಾಧಾನ ಹೇಳಬಾರದು.

ಸ್ವರ ಏರಿದಾಗ ಏನು ಮಾಡಬೇಕೆಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳಲಾಯಿತು, ಆ ಹೊತ್ತಿನಲ್ಲಿ ಯೋಚಿಸಲು ಯಾರಿಗೂ ಆಗುವುದಿಲ್ಲ. ಬರೀ ಜೋರು ದನಿಯಾದರೆ ಏನೂ ಹೇಳಬೇಕಿಲ್ಲ, ಅಳತೆಯನ್ನು ಇನ್ನೊಮ್ಮೆ ಮೆಲ್ಲಗೆ ಹೇಳುವುದು. ಮಾತು ಪೀಸು ಬಿಟ್ಟು ವ್ಯಕ್ತಿಯ ಮೇಲೆ ತಿರುಗಿದರೆ ಒಂದೇ ವಾಕ್ಯ: "ಸರ್, ಪೀಸಿನ ಬಗ್ಗೆ ಹೇಳಿ, ನನ್ನ ಬಗ್ಗೆ ಬೇಡ." ಮತ್ತೂ ಮುಂದುವರಿದರೆ: "ಹತ್ತು ನಿಮಿಷ ಬಿಟ್ಟು ಗೇಜ್ ತಗೊಂಡು ಬರ್ತೀನಿ" ಎಂದು ಹೊರಡುವುದು, ಹತ್ತು ನಿಮಿಷಕ್ಕೆ ತಪ್ಪದೆ ವಾಪಸ್ ಬರುವುದು. ವಾಪಸ್ ಬಾರದಿದ್ದರೆ ಅದು ಓಡಿಹೋದಂತೆ. ಟ್ಯಾಗ್ ಮಾತ್ರ ಕಟ್ಟಿದ್ದು ಕಟ್ಟಿದಂತೇ ಇರಬೇಕು. ಕೂಗು ತಾಳಲಾರದೆ ಒಮ್ಮೆ ಟ್ಯಾಗ್ ಬಿಚ್ಚಿದರೆ, ಕೂಗಿದರೆ ಬಿಚ್ಚುತ್ತಾರೆ ಎಂಬುದು ಇಡೀ ಶಾಪಿಗೆ ತಿಳಿಯುತ್ತದೆ. ಹಿಂದಿನ ಇಬ್ಬರು ಹುಡುಗರ ಕಾಲದಲ್ಲಿ ಆದದ್ದು ಅದೇ ಇರಬೇಕೆಂದು ಪ್ಯಾಕಿಂಗ್‌ನವರ ಮಾತಿನಿಂದ ತೋರುತ್ತಿತ್ತು.

ಸೂಪರ್‌ವೈಸರ್ ಜೊತೆ ಮಾತು

ಇದನ್ನು ಮ್ಯಾನೇಜರ್ ಒಬ್ಬರೇ ಮಾಡಿದರು, ಕ್ಯಾಬಿನ್ನಿನಲ್ಲಿ ಅಲ್ಲ. ಶಿಫ್ಟು ಮುಗಿದ ಮೇಲೆ ಹಿಂದಿನ ಗೇಟಿನ ಟೀ ಅಂಗಡಿಯ ಬೆಂಚಿನಲ್ಲಿ, ಅಕ್ಕಪಕ್ಕ ಕೂತು. ಎದುರುಬದುರು ಕುರ್ಚಿಯಲ್ಲಿ ಕೂತರೆ ವಿಚಾರಣೆಯಾಗುತ್ತದೆ. ಮ್ಯಾನೇಜರ್ ವಯಸ್ಸಿನಲ್ಲಿ ಕಿರಿಯರು.

"ಅಣ್ಣ, ಎರಡು ವಿಷಯ. ಒಂದು ನಮ್ಮ ತಪ್ಪು, ಒಂದು ನಿಮ್ಮದು. ನಮ್ಮದು ಮೊದಲು ಹೇಳ್ಬಿಡ್ತೀನಿ. ಹತ್ತೂವರೆಯ ಪೀಸಿನ ಸುದ್ದಿ ಒಂದೂ ಇಪ್ಪತ್ತಕ್ಕೆ ಬಂದ್ರೆ ಯಾರಿಗಾದ್ರೂ ತಲೆ ಕೆಡುತ್ತೆ. ಸೋಮವಾರದಿಂದ ಮಷೀನ್ ಹತ್ರಾನೇ ಹೇಳ್ತಾರೆ."

"ಅದನ್ನೇ ಅಲ್ವಾ ಸಾರ್ ನಾನೂ ಬಡ್ಕೊಂಡಿದ್ದು."

"ನಿಮ್ಮದು ಇನ್ನೊಂದಿದೆ. ಮಂಗಳವಾರ ಡಿಸ್ಪ್ಯಾಚ್ ಹತ್ರ, ‘ಬಾಯಿಪಾಠ ಮಾಡಿ ಪಾಸಾಗಿ ಬಂದ್ಬಿಡ್ತಾರೆ, ತಲೇಲಿ ಏನೂ ಇಲ್ಲ’ ಅಂದ್ರಿ. ಅದು ಇನ್ನೊಂದು ಸಲ ಬೇಡ."

"ಟೆಂಪೋ ನಿಂತಿರುತ್ತೆ, ಓನರ್ ಫೋನು ಬರ್ತಾ ಇರುತ್ತೆ. ಕೋಪ ಬರಲ್ವಾ?"

"ಬರಲಿ. ಗೇಜ್ ತಪ್ಪು ಅನ್ನಿ, ಟ್ಯಾಗ್ ತಪ್ಪು ಅನ್ನಿ, ಹೇಳಿದ ಹೊತ್ತು ತಪ್ಪು ಅನ್ನಿ. ಅವರ ಬಗ್ಗೆ ಅನ್ನಬೇಡಿ."

"ನಾನು ಮಾತಾಡೋದೇ ಜೋರು ಸಾರ್. ಇಷ್ಟು ವರ್ಷ ಈ ಸದ್ದಲ್ಲಿ ಇದ್ದು..."

"ಸದ್ದಿನ ವಿಷಯ ಹೇಳ್ತಿಲ್ಲ ಅಣ್ಣ. ಆ ಮಾತಿನ ವಿಷಯ."

ಇಲ್ಲಿ ಗಮನಿಸಬೇಕಾದದ್ದು ಮ್ಯಾನೇಜರ್ ಬಿಟ್ಟ ಮಾತುಗಳನ್ನು. "ಹುಡುಗಿ ಕಂಪ್ಲೇಂಟ್ ಕೊಟ್ಟಿದ್ದಾಳೆ" ಅನ್ನಲಿಲ್ಲ, ಅಂದಿದ್ದರೆ ಮರುದಿನ ಅದಕ್ಕೂ ಲೆಕ್ಕ ತೀರುತ್ತಿತ್ತು. "ಎಲ್ಲರೂ ನಿಮ್ಮ ಬಗ್ಗೆ ಹೇಳ್ತಾರೆ" ಅನ್ನಲಿಲ್ಲ. ಸ್ವಭಾವ ಬದಲಿಸಿಕೊಳ್ಳಿ ಅನ್ನಲಿಲ್ಲ. ದಿನ, ಜಾಗ, ಆಡಿದ ಮಾತು, ಅದು ಬೇಡ. ಸಂಬಂಧವಿಲ್ಲದ ಸಮಜಾಯಿಷಿ ಬಂದಾಗ ವಾದಕ್ಕಿಳಿಯದೆ ಅದೇ ಜಾಗಕ್ಕೆ ವಾಪಸ್ ಬಂದರು. ತಮ್ಮ ಕಡೆಯ ತಪ್ಪನ್ನು ಮೊದಲು ಹೇಳಿದ್ದು ಬೆಣ್ಣೆ ಹಚ್ಚಲು ಅಲ್ಲ. ಅದು ನಿಜವಾಗಿತ್ತು, ಮತ್ತು ಸೋಮವಾರವೇ ಸರಿಹೋಯಿತು. ತಪ್ಪು ಇಲ್ಲದ ಕಡೆ ಹೀಗೆ ಒಪ್ಪಿಕೊಳ್ಳುವ ನಾಟಕ ಆಡಿದರೆ ಹಳೆಯ ಕೆಲಸಗಾರರಿಗೆ ಗೊತ್ತಾಗಿಬಿಡುತ್ತದೆ.

ಮಾತುಕತೆಗೆ ಸೇರದ ಒಂದು ಸಾಲು

ಹಾಳೆಯಲ್ಲಿ ಒಂದು ಸಾಲು ಬೇರೆ ಜಾತಿಯದು: "ಹೆಣ್ಮಕ್ಕಳಿಗೆ ಯಾಕಮ್ಮ ಮಷೀನಿನ ಸಹವಾಸ, ಮದುವೆ ಮಾಡ್ಕೊಂಡು ಮನೇಲಿರೋದು ಬಿಟ್ಟು." ಇದನ್ನು ಟೀ ಅಂಗಡಿಯ ಬೆಂಚಿನಲ್ಲಿ ತೀರಿಸಿಬಿಡುವ ಹಕ್ಕು ಮ್ಯಾನೇಜರಿಗೆ ಇಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷರು ಹಿರಿಯ ಹುದ್ದೆಯ ಮಹಿಳೆ, ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮಹಿಳೆಯರು, ಒಬ್ಬರು ಹೊರಗಿನವರು. ಲಿಖಿತ ದೂರಿಗೆ ಘಟನೆಯಿಂದ 3 ತಿಂಗಳು, ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳವರೆಗೆ ವಿಸ್ತರಿಸಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ರಾಜಿ ಆಗಬೇಕಾದರೆ ಆ ಮಹಿಳೆಯೇ ಕೇಳಬೇಕು, ಹಣ ಕೊಟ್ಟು ರಾಜಿ ಮಾಡುವಂತಿಲ್ಲ. ಆಡಿದ ಮಾತು ಈ ಕಾಯ್ದೆಯೊಳಗೆ ಬರುತ್ತದೋ ಇಲ್ಲವೋ ಎಂಬುದನ್ನು ಸಮಿತಿ ನೋಡಬೇಕು, ಮ್ಯಾನೇಜರ್ ಅಲ್ಲ.

38 ಜನರಿದ್ದ ಈ ಘಟಕದಲ್ಲಿ ಸಮಿತಿ ಕಾಗದದ ಮೇಲಿತ್ತು, ಹೊರಗಿನ ಸದಸ್ಯರ ಜಾಗ ಖಾಲಿ. ಮೊದಲು ಅದನ್ನು ತುಂಬಿಸಬೇಕಾಯಿತು. ಮ್ಯಾನೇಜರ್ ಇನ್‌ಸ್ಪೆಕ್ಟರಿಗೆ ದಾರಿಯನ್ನೂ ಗಡುವನ್ನೂ ತಿಳಿಸಿ, ಕೊಡು ಅಂತಲೂ ಬೇಡ ಅಂತಲೂ ಹೇಳದೆ ಬಿಟ್ಟರು. ಅವರು ಸದ್ಯಕ್ಕೆ ದೂರು ಬೇಡವೆಂದರು, ಹಾಳೆಯ ಪ್ರತಿ ತಮ್ಮ ಬಳಿ ಇಟ್ಟುಕೊಂಡರು, ಆ ಮಾತು ಮತ್ತೆ ಬರಬಾರದೆಂದು ಸೂಪರ್‌ವೈಸರಿಗೆ ತಿಳಿಸಬೇಕೆಂದು ಕೇಳಿದರು. ಅದನ್ನು ಬೇರೆ ದಿನ, ಬರವಣಿಗೆಯಲ್ಲಿ ತಿಳಿಸಲಾಯಿತು. ಟೀ ಬೆಂಚಿನ ಮಾತಿನ ಜೊತೆ ಬೆರೆಸಲಿಲ್ಲ. ಬೆರೆಸಿದ್ದರೆ ಎರಡೂ ಹಗುರವಾಗುತ್ತಿದ್ದವು.

ಕೆಟ್ಟದ್ದು ಎಲ್ಲೆಲ್ಲಿ

ಮೊದಲ ವಾರ ಕೂಗು ನಿಂತಿತು, ಅದರ ಜಾಗಕ್ಕೆ ಕುಹಕ ಬಂತು. "ಮೇಡಂ ಹೇಳಿದ ಮೇಲೆ ಮುಗೀತಲ್ಲ", "ಮೇಡಂ ಆರ್ಡರ್". ಇನ್‌ಸ್ಪೆಕ್ಟರ್ ಇದಕ್ಕೆ ಉತ್ತರ ಕೊಡದೆ ಕೊನೆಯ ಪ್ರಶ್ನೆಯನ್ನು ಮಾತ್ರ ಬದಲಿಸಿದರು: "ಆಫ್‌ಸೆಟ್ ಎಷ್ಟು ಕೊಟ್ರಿ ಸರ್? ಬರ್ಕೋಬೇಕು." ಉತ್ತರ ಒಂದು ಅಂಕಿಯೇ ಆಗಬೇಕು. ಅಂಕಿಯಲ್ಲಿ ಕುಹಕ ಆಡುವುದು ಕಷ್ಟ. ಹತ್ತು ದಿನದಲ್ಲಿ "ಮೇಡಂ" ಹೋಗಿ ಹಳೆಯ "ಏನಮ್ಮ" ವಾಪಸ್ ಬಂತು. ಅದು ಇನ್‌ಸ್ಪೆಕ್ಟರಿಗೆ ಸರಿಯೆನಿಸಿತು.

ನಾಲ್ಕನೇ ಮಷೀನಿನ ಆಪರೇಟರ್ ಒಡಿಶಾದವರು, ಕನ್ನಡ ಅಷ್ಟಕ್ಕಷ್ಟೇ. ಸೂಪರ್‌ವೈಸರ್ ಊಟಕ್ಕೆ ಹೋಗಿದ್ದಾಗ ಇನ್‌ಸ್ಪೆಕ್ಟರ್ ನೇರವಾಗಿ ಅವರಿಗೆ ನಿಲ್ಲಿಸಲು ಹೇಳಿದರು, ಅವರು ನಿಲ್ಲಿಸಿದರು, ಸೂಪರ್‌ವೈಸರ್ ಬಂದು ರಂಪ ಮಾಡಿದರು. ಅವರ ದೂರು ಅಳತೆಯ ಬಗ್ಗೆ ಇರಲಿಲ್ಲ, ತನ್ನ ಹುಡುಗನಿಗೆ ಇನ್ನೊಬ್ಬರು ಹೇಳಿದ್ದರ ಬಗ್ಗೆ ಇತ್ತು. ಇದಕ್ಕೆ ಕೆಂಪು ಕಾರ್ಡು ಬಂತು. ಸೂಪರ್‌ವೈಸರ್ ಐದು ನಿಮಿಷದಲ್ಲಿ ಸಿಗದಿದ್ದರೆ ಇನ್‌ಸ್ಪೆಕ್ಟರ್ ಮಷೀನಿನ ಬಾಗಿಲಿಗೆ ಕೆಂಪು ಕಾರ್ಡ್ ನೇತುಹಾಕುತ್ತಾರೆ, ಆಪರೇಟರ್ ಸೈಕಲ್ ಮುಗಿಸಿ ನಿಲ್ಲುತ್ತಾರೆ, ಕಾರ್ಡು ತೆಗೆಯುವವರು ಸೂಪರ್‌ವೈಸರ್. ಇದು ಎರಡನೇ ಶಿಫ್ಟಿಗೂ ಹಬ್ಬಿತು.

ಮೂರನೆಯದು ದೊಡ್ಡ ಪೆಟ್ಟು, ಕೊಟ್ಟವರು ಓನರ್. ತಿಂಗಳ ಕೊನೆಯ ವಾರ, ನಲವತ್ತು ಪೀಸು ಎರಡು ಮೈಕ್ರಾನ್ ಕಡಿಮೆ. ಓನರ್ ಇನ್‌ಸ್ಪೆಕ್ಟರಿಗೆ ನೇರ ಫೋನ್ ಮಾಡಿ "ಇದೊಂದು ಸಲ ಬಿಡಮ್ಮ, ನಾನು ಗಿರಾಕಿ ಹತ್ರ ಮಾತಾಡ್ಕೋತೀನಿ" ಅಂದರು. ಇನ್‌ಸ್ಪೆಕ್ಟರ್ ಟ್ಯಾಗ್ ಬಿಚ್ಚಿದರು. ಮರುದಿನ ಮೂರು ಮೈಕ್ರಾನ್ ಕಡಿಮೆ ಇದ್ದ ಪೀಸಿಗೆ ಟ್ಯಾಗ್ ಹಾಕಿದಾಗ ಸೂಪರ್‌ವೈಸರ್ ಎಲ್ಲರ ಮುಂದೆ ಕೂಗಿದರು: "ನಿನ್ನೆ ಎರಡು ಓಕೆ, ಇವತ್ತು ಮೂರು ನಾಟ್ ಓಕೆ. ಇದ್ಯಾವ ಡ್ರಾಯಿಂಗು?" ದನಿ ತಪ್ಪು, ಪ್ರಶ್ನೆ ಸರಿ. ಈ ಪ್ರಶ್ನೆಗೆ ಇನ್‌ಸ್ಪೆಕ್ಟರ್ ಬಳಿ ಉತ್ತರ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಎಷ್ಟೇ ಚೆನ್ನಾಗಿ ಮಾತಾಡಲು ಕಲಿತರೂ ಮೇಲಿನವರು ಒಂದು ಫೋನಿನಲ್ಲಿ ಅಳತೆ ಬದಲಿಸಿದರೆ ಕೆಳಗಿನ ಇಬ್ಬರು ಮತ್ತೆ ಕಚ್ಚಾಡಲೇಬೇಕು.

ಮ್ಯಾನೇಜರ್ ಓನರಿಗೆ ಹೇಳಿದ್ದು ನೀತಿಪಾಠವಲ್ಲ. ಗಿರಾಕಿ ಈ ನಲವತ್ತನ್ನು ವಾಪಸ್ ಕಳಿಸಿ, ಒಪ್ಪಿಗೆಯ ಕಾಗದ ಎಲ್ಲಿ ಎಂದು ಕೇಳಿದರೆ ತೋರಿಸಲು ಏನಿದೆ ಎಂದಷ್ಟೇ ಕೇಳಿದರು. ಅಂದಿನಿಂದ ಅಳತೆಯಿಂದ ಹೊರಗಿದ್ದ ಲಾಟ್ ಹೋಗಬೇಕಾದರೆ ಡಿವಿಯೇಷನ್ ನೋಟ್ ಬೇಕು. ಪಾರ್ಟ್ ನಂಬರ್, ಎಷ್ಟು ಪೀಸು, ಯಾವ ಅಳತೆ ಎಷ್ಟು ತಪ್ಪಿದೆ, ಗಿರಾಕಿಯ ಕಡೆಯವರ ಮೇಲ್ ಒಪ್ಪಿಗೆ. ಅದರ ಒಂದು ಪ್ರತಿ ಡಿಸ್ಪ್ಯಾಚ್ ಟೇಬಲ್ ಮೇಲೆ, ಸೂಪರ್‌ವೈಸರ್ ಕಣ್ಣಿಗೆ ಬೀಳುವ ಹಾಗೆ.

ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕುವುದು ನಿಂತಿತು, ಅಥವಾ ನಿಂತಂತಾಯಿತು. ಎರಡನೇ ಶಿಫ್ಟಿನವರು ಆಗೀಗ ಹಾಕುತ್ತಾರೆ.

ಈಗ

ಸೂಪರ್‌ವೈಸರ್ ಈಗಲೂ ಜೋರಾಗಿಯೇ ಮಾತಾಡುತ್ತಾರೆ. ಟೆಂಪೋ ಹೊತ್ತಿಗೆ ಈಗಲೂ ಒಂದೆರಡು ಬಿಸಿ ಮಾತು ಬೀಳುತ್ತವೆ, ಗೇಜಿನ ಮೇಲೋ ಹೋನಿಂಗ್‌ನವರ ಮೇಲೋ. ಇಬ್ಬರೂ ಒಟ್ಟಿಗೆ ಕೂತು ಊಟ ಮಾಡುವವರಲ್ಲ, ಮಾಡಬೇಕಾದ ಅಗತ್ಯವೂ ಇಲ್ಲ. ಇನ್‌ಸರ್ಟ್ ಬದಲಿಸಿದ ಮೇಲೆ "ಬಾರಮ್ಮ, ಒಂದು ನೋಡು" ಎಂದು ಅವರಾಗಿಯೇ ಕರೆಯುವುದು ಶುರುವಾಗಿದೆ. ಹಾಳೆ ಬರೆಯುವುದು ನಿಂತಿಲ್ಲ, ವಾರಕ್ಕೊಮ್ಮೆ ಮ್ಯಾನೇಜರ್ ನೋಡುತ್ತಾರೆ.

ಗೋಡೆಯ ಬೋರ್ಡು ಮಾತ್ರ ಹಾಗೇ ಇದೆ. ಒಟ್ಟು ಪೀಸಿನ ಬದಲು ಓಕೆ ಆದ ಪೀಸಿನ ಲೆಕ್ಕ ಬರೆಯಬೇಕೆಂದು ಮ್ಯಾನೇಜರ್ ಎರಡು ಸಲ ಕೇಳಿದ್ದಾರೆ. ಅಂಕಿ ಚಿಕ್ಕದಾಗಿ ಕಾಣುತ್ತದೆ ಎಂದು ಓನರ್ ಒಪ್ಪಿಲ್ಲ. ಒಂದೂವರೆಯ ಫೋನಿನಲ್ಲಿ ಅವರು ಕೇಳುವುದು ಈಗಲೂ ಒಟ್ಟು ಎಷ್ಟಾಯಿತು ಎಂದೇ.